ಅಕ್ಕ ಅತ್ತಿದ್ದು ಯಾರಿಗೂ ಕಾಣಲಿಲ್ಲ

(ನಮ್ಮೂರಿನ ಓದುಗರ ಗುಂಪಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಮಾತು ದಾರಿ ತಪ್ಪಿ ಎಲ್ಲೆಲ್ಲೋ ಹೋದದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ. ಪೂರ್ತಿ ಕತ್ತರಿಸಲು ಮನಸ್ಸು ಬರಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಜೇನ್ ಆಸ್ಟೆನ್ ಬರೆದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ನನಗೆ ಬಿ.ಎ.ಯಲ್ಲಿ ಪಠ್ಯವಾಗಿತ್ತು. ನಾನು ಕಾದಂಬರಿ ಓದಲಿಲ್ಲ, ಗೈಡ್ ಓದಿದೆ. ಗೈಡಿನಲ್ಲಿ ಒಂದು ಪುಟಕ್ಕೆ ನಡುವೆ ಗೆರೆ ಎಳೆದಿದ್ದರು. ಎಡಕ್ಕೆ ಅಕ್ಕ ಎಲಿನರ್, ಬಲಕ್ಕೆ ತಂಗಿ ಮೇರಿಯನ್. ಎಡಕ್ಕೆ ವಿವೇಕ, ಬಲಕ್ಕೆ ಭಾವುಕತೆ. ಎಡಕ್ಕೆ ಬುದ್ಧಿ, ಬಲಕ್ಕೆ ಹೃದಯ. ಅದನ್ನೇ ಉರುಹೊಡೆದು ಬರೆದೆ. 16ಕ್ಕೆ 12 ಬಂತು. ಖುಷಿಯಾಗಿ ಪುಸ್ತಕ ಮರೆತೆ.

ಕಾದಂಬರಿಯನ್ನು ನಿಜವಾಗಿ ಓದಿದ್ದು ಎಷ್ಟೋ ವರ್ಷ ಆದಮೇಲೆ. ಓದಿ ಮುಗಿಸಿದಾಗ ಅನ್ನಿಸಿದ್ದು, ಆ 12 ಅಂಕ ವಾಪಸ್ ಕೊಡಬೇಕು ಅಂತ. ಆ ಗೆರೆಯೇ ತಪ್ಪು. ಈ ಸಂಜೆ ಆ ಗೆರೆಯನ್ನು ಒಂದಿಷ್ಟು ಅಳಿಸುವ ಕೆಲಸ ಮಾಡುತ್ತೇನೆ, ಅಷ್ಟೇ.

ಪುಸ್ತಕ ಹೊರಬಂದದ್ದು 1811ರ ಅಕ್ಟೋಬರ್ ಕೊನೆಗೆ, ಮೂರು ಸಂಪುಟಗಳಲ್ಲಿ. ಮುಖಪುಟದಲ್ಲಿ ಲೇಖಕಿಯ ಹೆಸರಿಲ್ಲ. ‘ಒಬ್ಬ ಮಹಿಳೆಯಿಂದ’ ಅಂತಷ್ಟೇ ಇತ್ತು. ಆಗ ಆಸ್ಟೆನ್‌ಗೆ 35 ವರ್ಷ. ನಷ್ಟವಾದರೆ ತಾನೇ ತುಂಬಿಕೊಡುವ ಕರಾರಿನ ಮೇಲೆ ಅಚ್ಚು ಹಾಕಿಸಿದಳು. ನಷ್ಟವಾಗಲಿಲ್ಲ. ಎರಡು ವರ್ಷದೊಳಗೆ ಪ್ರತಿಗಳೆಲ್ಲ ಖಾಲಿಯಾಗಿ 140 ಪೌಂಡ್ ಕೈಗೆ ಬಂತು. ಆದರೆ ಕಥೆ ಹುಟ್ಟಿದ್ದು ಅದಕ್ಕೂ ಬಹಳ ಮುಂಚೆ, ಅವಳಿಗೆ 20ರ ಆಸುಪಾಸಿನಲ್ಲಿ. ಆಗ ಅದರ ಹೆಸರು ಸುಮ್ನೆ ‘ಎಲಿನರ್ ಅಂಡ್ ಮೇರಿಯನ್’. ಇಬ್ಬರು ಅಕ್ಕತಂಗಿಯರ ಹೆಸರು. ಆಮೇಲೆ ಆ ಹೆಸರು ಹೋಗಿ ಎರಡು ಗುಣಗಳ ಹೆಸರು ಬಂತು. ನನ್ನ ಗೈಡ್ ಬರೆದವರು ದಾರಿ ತಪ್ಪಿದ್ದು ಅಲ್ಲೇ ಇರಬೇಕು.

‘ಸೆನ್ಸಿಬಿಲಿಟಿ’ ಅನ್ನುವುದು ಆ ಕಾಲದಲ್ಲಿ ಒಂದು ಫ್ಯಾಷನ್ ಆಗಿತ್ತು. ಸೂಕ್ಷ್ಮ ಮನಸ್ಸಿನವರು ಬೇಗ ಅಳಬೇಕು, ಬೇಗ ಮೂರ್ಛೆ ಹೋಗಬೇಕು, ಪಾಳುಬಿದ್ದ ಗೋಪುರ ಕಂಡರೆ ನಿಟ್ಟುಸಿರು ಬಿಡಬೇಕು. ಕಾದಂಬರಿಗಳ ತುಂಬ ಇಂಥವರೇ ತುಂಬಿಕೊಂಡಿದ್ದರು. ಮೇರಿಯನ್ ಆ ಪುಸ್ತಕಗಳನ್ನೆಲ್ಲ ಓದಿ ಬೆಳೆದ ಹುಡುಗಿ. ಕಥೆ ಶುರುವಾದಾಗ ಅವಳಿಗೆ 16. ಅಕ್ಕನಿಗೆ 19.

ಆದರೆ ಪ್ರೀತಿಯ ವಿಷಯಕ್ಕೆ ಬರುವ ಮುಂಚೆ ದುಡ್ಡಿನ ವಿಷಯ ಮಾತಾಡಬೇಕು. ಆಸ್ಟೆನ್ ಕೂಡ ಹಾಗೇ ಮಾಡುತ್ತಾಳೆ.

ಸಸೆಕ್ಸ್‌ನ ನಾರ್ಲಂಡ್ ಎಂಬ ದೊಡ್ಡ ಮನೆಯ ಯಜಮಾನ ಸಾಯುತ್ತಾನೆ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗ ಜಾನ್‌ಗೆ, ಅವನಿಂದ ಮುಂದೆ ಅವನ ಪುಟ್ಟ ಮಗನಿಗೆ. ಎರಡನೇ ಹೆಂಡತಿ ಮತ್ತು ಅವಳ ಮೂವರು ಹೆಣ್ಣುಮಕ್ಕಳಿಗೆ ಉಳಿದದ್ದು ಎಲ್ಲ ಸೇರಿ ವರ್ಷಕ್ಕೆ 500 ಪೌಂಡ್ ಬರುವಷ್ಟು. ಸಾಯುವಾಗ ಅಪ್ಪ ಮಗನ ಕೈಯಲ್ಲಿ ಮಾತು ತೆಗೆದುಕೊಂಡಿದ್ದಾನೆ, ತಾಯಿ ತಂಗಿಯರನ್ನು ನೋಡಿಕೊಳ್ಳಬೇಕು ಅಂತ. ಜಾನ್ ಕೆಟ್ಟವನಲ್ಲ. ತಂಗಿಯರಿಗೆ ತಲಾ ಸಾವಿರದಂತೆ 3000 ಪೌಂಡ್ ಕೊಡೋಣ ಅಂದುಕೊಳ್ಳುತ್ತಾನೆ. ಅದನ್ನು ಹೋಗಿ ಹೆಂಡತಿ ಫ್ಯಾನಿಗೆ ಹೇಳುತ್ತಾನೆ.

ಎರಡನೇ ಅಧ್ಯಾಯ ಪೂರ್ತಿ ಈ ಗಂಡ ಹೆಂಡತಿಯ ಮಾತುಕತೆ. ಅಯ್ಯೋ, ನಮ್ಮ ಮಗುವಿನ ದುಡ್ಡಲ್ಲವೇ ಅದು ಅನ್ನುತ್ತಾಳೆ ಫ್ಯಾನಿ. ಸರಿ, ಅರ್ಧ ಕೊಡೋಣ. ಅದೂ ಜಾಸ್ತಿ ಆಯಿತಲ್ವಾ? ಹಾಗಾದರೆ ತಾಯಿಗೆ ವರ್ಷಕ್ಕೆ 100 ಪೌಂಡ್. ಬೇಡ ಬೇಡ, ವರ್ಷಾಶನ ಇಟ್ಟುಬಿಟ್ಟರೆ ಜನ ಸಾಯುವುದೇ ಇಲ್ಲ! ಹಾಗಾದರೆ ಆಗೀಗ 50 ಪೌಂಡ್. ಅದೂ ಯಾಕೆ ಬೇಕು? ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಲು ಒಂದು ಕೈ ಹಾಕಿದರಾಯಿತು, ಕಾಲಕಾಲಕ್ಕೆ ಸ್ವಲ್ಪ ಮೀನು, ಬೇಟೆ ಮಾಂಸ ಕಳಿಸಿದರಾಯಿತು. ಇಷ್ಟಾದ ಮೇಲೂ ಅವಳಿಗೆ ಒಂದು ಹೊಟ್ಟೆಯುರಿ ಉಳಿದಿದೆ. ಅತ್ತೆಯವರು ತೆಗೆದುಕೊಂಡು ಹೋಗುವ ಪಿಂಗಾಣಿ ಸೆಟ್ ನಮ್ಮದಕ್ಕಿಂತ ಚೆನ್ನಾಗಿದೆಯಲ್ಲ!

ಮೂರು ಸಾವಿರ ಪೌಂಡ್ ಹತ್ತು ನಿಮಿಷದಲ್ಲಿ ಮೀನಿಗೆ ಬಂದು ನಿಂತಿತು. ಆಸ್ತಿ ಪಾಲಿನ ಮಾತು ನಡೆಯುವಾಗ ಬಾಗಿಲ ಹಿಂದೆ ನಿಂತು ಕೇಳಿದ ಯಾರಿಗಾದರೂ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಆಸ್ಟೆನ್‌ಗೆ ಇದು ಊಹೆಯಲ್ಲ. 1805ರಲ್ಲಿ ಅವಳ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಗಂಡುಮಕ್ಕಳು ಕೊಡುವ ಹಣವನ್ನು ನೆಚ್ಚಿಕೊಂಡು ಬದುಕಿದರು. ಮನೆಯಿಂದ ಮನೆಗೆ ಅಲೆದರು. 1809ರಲ್ಲಿ ಅಣ್ಣನೊಬ್ಬ ಚಾಟನ್ ಎಂಬ ಹಳ್ಳಿಯಲ್ಲಿ ತನ್ನ ಮನೆಯೊಂದನ್ನು ಬಿಟ್ಟುಕೊಟ್ಟ. ಅಲ್ಲಿ ನೆಲೆ ನಿಂತ ಮೇಲೆಯೇ ಈ ಹಳೆಯ ಹಸ್ತಪ್ರತಿ ತಿದ್ದಿ ಅಚ್ಚಿಗೆ ಹೋಯಿತು. ಅವಳ ಅಣ್ಣಂದಿರು ಜಾನ್‌ನಷ್ಟು ಕಡೆಯಲ್ಲ ಅನ್ನಿ.

ಕಥೆಯ ತಾಯಿ ಮಕ್ಕಳು ಡೆವನ್‌ಶೈರ್‌ನ ಬಾರ್ಟನ್ ಎಂಬಲ್ಲಿಗೆ, ಬಂಧುವೊಬ್ಬನ ಸಣ್ಣ ಮನೆಗೆ ಬರುತ್ತಾರೆ. ಅಷ್ಟರಲ್ಲಿ ಎಲಿನರ್ ಮನಸ್ಸು ಎಡ್ವರ್ಡ್ ಫೆರಾರ್ಸ್ ಮೇಲೆ ಬಿದ್ದಾಗಿದೆ. ಇವನು ಯಾರು ಗೊತ್ತಾ? ಅದೇ ಫ್ಯಾನಿಯ ತಮ್ಮ. ಸಂಕೋಚದ ಹುಡುಗ, ಮಾತು ಬಾರದು, ಅಂದಗಾರನೂ ಅಲ್ಲ. ಅವನು ಕವಿತೆ ಓದಿದರೆ ಮೇರಿಯನ್‌ಗೆ ಕುಳಿತಲ್ಲಿ ಕೂರಲಾಗುವುದಿಲ್ಲ, ಅಷ್ಟು ಸಪ್ಪೆ. ಪಾಪ ಅಕ್ಕ, ಇದನ್ನು ಹೇಗೆ ಸಹಿಸುತ್ತಾಳೋ ಅಂತ ಅವಳ ಚಿಂತೆ.

ಮೇರಿಯನ್‌ಗೆ ಸಿಗುವವನು ವಿಲೋಬಿ. ಅವಳು ಬಾರ್ಟನ್‌ನ ಗುಡ್ಡ ಹತ್ತಿರುತ್ತಾಳೆ, ಮಳೆ ಬರುತ್ತದೆ, ಇಳಿಜಾರಿನಲ್ಲಿ ಓಡುವಾಗ ಬಿದ್ದು ಕಾಲು ಉಳುಕುತ್ತದೆ. ಬಂದೂಕು ಹಿಡಿದು ಎರಡು ಬೇಟೆನಾಯಿ ಜೊತೆ ಬಂದ ಚೆಲುವ ಅವಳನ್ನು ಎತ್ತಿಕೊಂಡು ಮನೆ ಸೇರಿಸುತ್ತಾನೆ. ಅವಳಿಗಿಷ್ಟವಾದ ಪುಸ್ತಕ, ಸಂಗೀತ ಎಲ್ಲ ಅವನಿಗೂ ಇಷ್ಟ. ಅವಳು ಏನಂದರೂ ಅವನು ಹೂಂ ಅನ್ನುತ್ತಾನೆ. ಒಂದು ವಾರ ಹೋಗುವುದರೊಳಗೆ ಜನ್ಮಾಂತರದ ಪರಿಚಯದಂತೆ ಆಗುತ್ತದೆ. ಅವನು ಅವಳ ಕೂದಲೆಳೆಯ ಗುಚ್ಛ ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಕುದುರೆಯೊಂದನ್ನು ಕೊಡುತ್ತೇನೆ ಅನ್ನುತ್ತಾನೆ. ಅವಳು ಹಿಗ್ಗಿ ಒಪ್ಪಿಕೊಳ್ಳುತ್ತಾಳೆ. ಲಾಯ ಎಲ್ಲಿದೆ, ಕುದುರೆ ನೋಡಿಕೊಳ್ಳುವ ಆಳಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಕೇಳುವ ಕೆಲಸ ಅಕ್ಕನ ಪಾಲಿಗೆ.

ಈ ಅಕ್ಕನ ಪಾಲಿನ ಕೆಲಸವನ್ನು ಸ್ವಲ್ಪ ಗಮನಿಸಿ. ಆಗಿನ ಇಂಗ್ಲೆಂಡಿನ ವಾಡಿಕೆಯಂತೆ ಮನೆಯ ಹಿರಿಮಗಳನ್ನು ಹೊರಗಿನವರು ಬರೀ ಮನೆತನದ ಹೆಸರಿನಿಂದ ಕರೆಯುತ್ತಿದ್ದರು. ಎಲಿನರ್ ಅಂದರೆ ‘ಮಿಸ್ ಡ್ಯಾಶ್‌ವುಡ್’. ತಂಗಿ ಮಾತ್ರ ‘ಮಿಸ್ ಮೇರಿಯನ್’. ಮನೆತನದ ಹೆಸರು ಹೊತ್ತವಳು ಮನೆಯನ್ನೂ ಹೊರಬೇಕು. ತಾಯಿ ಇದ್ದಾಳೆ, ಆದರೆ ತಾಯಿಯೂ ಮೇರಿಯನ್‌ಳಂಥವಳೇ. ಉಳಿತಾಯ ಎಂಬುದನ್ನು ಜನ್ಮದಲ್ಲಿ ಮಾಡದವಳು, 500 ಪೌಂಡಿನಲ್ಲಿ ಉಳಿಸಿ ಮನೆ ದೊಡ್ಡದು ಮಾಡುವ ಕನಸು ಕಾಣುತ್ತಿರುತ್ತಾಳೆ. ಇಬ್ಬರೂ ಕೂತು ಅಳಲು ಶುರುಮಾಡಿದರೆ ಬಂದವರನ್ನು ಮಾತಾಡಿಸುವವರು ಯಾರು? ಇನ್ನೂ ಅಷ್ಟೇನೂ ದೊಡ್ಡವಳಲ್ಲದ ಈ ಹುಡುಗಿ.

ಈಗ ನನಗೆ ಬಹಳ ಇಷ್ಟವಾದ ಎರಡು ಜಾಗ ಹೇಳುತ್ತೇನೆ.

ವಿಲೋಬಿ ಇದ್ದಕ್ಕಿದ್ದಂತೆ ಲಂಡನ್‌ಗೆ ಹೊರಟುಬಿಡುತ್ತಾನೆ. ಆ ರಾತ್ರಿ ಮೇರಿಯನ್ ನಿದ್ದೆ ಮಾಡುವುದಿಲ್ಲ. ಆಸ್ಟೆನ್ ಹೇಳುವ ರೀತಿ ನೋಡಿ: ಆ ಮೊದಲ ರಾತ್ರಿ ನಿದ್ದೆ ಬಂದುಬಿಟ್ಟಿದ್ದರೆ ಮೇರಿಯನ್ ತನ್ನನ್ನು ತಾನು ಕ್ಷಮಿಸುತ್ತಲೇ ಇರಲಿಲ್ಲ. ಅಂದರೆ ದುಃಖ ಸುಳ್ಳಲ್ಲ. ಆದರೆ ಆ ದುಃಖಕ್ಕೆ ದಿನಾ ನೀರೆರೆಯುತ್ತಾಳೆ. ಅವನು ಹಾಡಿಸುತ್ತಿದ್ದ ಹಾಡುಗಳನ್ನೇ ಪಿಯಾನೋದಲ್ಲಿ ಮತ್ತೆ ಮತ್ತೆ ನುಡಿಸುತ್ತಾಳೆ.

ಮೂರು ಅಧ್ಯಾಯ ಕಳೆದ ಮೇಲೆ ಎಡ್ವರ್ಡ್ ಬಂದು, ಒಂದು ವಾರ ಮಂಕಾಗಿ ಕೂತು, ಹೊರಟುಹೋಗುತ್ತಾನೆ. ಎಲಿನರ್ ಏನು ಮಾಡುತ್ತಾಳೆ? ಅವನು ಬಾಗಿಲು ದಾಟಿದ ಕೂಡಲೇ ಚಿತ್ರ ಬರೆಯುವ ಮೇಜಿಗೆ ಹೋಗಿ ಕೂರುತ್ತಾಳೆ. ದಿನವಿಡೀ ಕೆಲಸ ಮಾಡುತ್ತಾಳೆ. ಅವನ ಹೆಸರನ್ನು ತಾನಾಗಿ ಎತ್ತುವುದಿಲ್ಲ, ಬಂದರೆ ತಪ್ಪಿಸುವುದೂ ಇಲ್ಲ. ತಂಗಿಗೆ ಇದು ಅರ್ಥವೇ ಆಗುವುದಿಲ್ಲ. ಪ್ರೀತಿ ಇದ್ದರೆ ಹೀಗಿರಲು ಸಾಧ್ಯವೇ? ಅಕ್ಕನ ಪ್ರೀತಿ ಅಷ್ಟಕ್ಕಷ್ಟೇ ಅಂತ ತೀರ್ಮಾನ ಮಾಡಿಬಿಡುತ್ತಾಳೆ.

ನಾವೂ ಅದೇ ತೀರ್ಮಾನ ಮಾಡಿ ಗೈಡಿನಲ್ಲಿ ಬರೆದುಬಿಟ್ಟೆವು.

ಇಬ್ಬರಿಗೂ ಬೀಳುವ ಪೆಟ್ಟು ಒಂದೇ. ಆಸ್ಟೆನ್ ಅದನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ತಿರುಗಿಸಿ ಇಟ್ಟಿದ್ದಾಳೆ. ಮೇರಿಯನ್ ಮತ್ತು ವಿಲೋಬಿಗೆ ಮದುವೆ ನಿಶ್ಚಯವಾಗಿದೆ ಅಂತ ಊರಿಗೆ ಊರೇ ನಂಬಿದೆ. ನಿಜಕ್ಕೆ ಅವನು ಬಾಯಿಬಿಟ್ಟು ಮಾತು ಕೊಟ್ಟೇ ಇಲ್ಲ. ಎಡ್ವರ್ಡ್‌ಗೆ ನಿಶ್ಚಯವಾಗಿರುವುದು ಯಾರಿಗೂ ಗೊತ್ತಿಲ್ಲ. ನಿಜಕ್ಕೆ ಅವನು ನಾಲ್ಕು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದಾನೆ, ಬೇರೆ ಹುಡುಗಿಗೆ. ಒಂದು ಕಡೆ ಇಲ್ಲದ ಮಾತಿಗೆ ಡಂಗುರ. ಇನ್ನೊಂದು ಕಡೆ ಇರುವ ಮಾತಿಗೆ ಬೀಗ.

ಆ ಬೇರೆ ಹುಡುಗಿಯೇ ಲೂಸಿ ಸ್ಟೀಲ್. ಈ ಕಾದಂಬರಿಯಲ್ಲಿ ಎಲಿನರ್‌ಗೆ ನಿಜವಾದ ವಿರುದ್ಧ ಪಾತ್ರ ಮೇರಿಯನ್ ಅಲ್ಲ, ಲೂಸಿ. ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೆ ತೋರಿಸುವುದಿಲ್ಲ. ಒಬ್ಬಳು ಇನ್ನೊಬ್ಬರಿಗೆ ನೋವಾಗಬಾರದು ಅಂತ, ಇನ್ನೊಬ್ಬಳು ತನ್ನ ಬೇಳೆ ಬೇಯಲಿ ಅಂತ. ಎಲಿನರ್ ಎದುರಾಳಿ ಅಂತ ಮೂಗಿನಲ್ಲೇ ವಾಸನೆ ಹಿಡಿದ ಲೂಸಿ ಅವಳನ್ನು ಪಕ್ಕಕ್ಕೆ ಕರೆದು, ‘ನಿಮ್ಮನ್ನು ನಂಬಿ ಹೇಳುತ್ತಿದ್ದೇನೆ, ಯಾರಿಗೂ ಹೇಳಬೇಡಿ’ ಅಂತ ಎಲ್ಲವನ್ನೂ ಹೇಳುತ್ತಾಳೆ. ಎಡ್ವರ್ಡ್‌ನ ಪುಟ್ಟ ಚಿತ್ರ ತೋರಿಸುತ್ತಾಳೆ. ಅವನ ಕಾಗದ ತೋರಿಸುತ್ತಾಳೆ. ಅವನ ಬೆರಳಿನ ಉಂಗುರದಲ್ಲಿರುವ ಕೂದಲು ತನ್ನದು ಅನ್ನುತ್ತಾಳೆ. ಆ ಕೂದಲು ತನ್ನದೇ ಇರಬೇಕು ಅಂತ ಎಲಿನರ್ ಅಷ್ಟು ದಿನ ಒಳಗೊಳಗೇ ನಂಬಿಕೊಂಡಿದ್ದಳು.

ಯಾರಿಗೂ ಹೇಳಬೇಡಿ ಅನ್ನುವುದಿದೆಯಲ್ಲ, ಅದು ಲೂಸಿಯ ಬುದ್ಧಿವಂತಿಕೆ. ಹೊಡೆದದ್ದೂ ಅವಳೇ, ಅಳದಂತೆ ಬಾಯಿ ಕಟ್ಟಿದ್ದೂ ಅವಳೇ.

ಅದಾದ ಮೇಲೆ ಇನ್ನೊಂದು ದೃಶ್ಯ. ಪಕ್ಕದ ದೊಡ್ಡ ಮನೆಯ ಮಗುವಿಗೆ ಬಣ್ಣದ ಕಾಗದದ ಪಟ್ಟಿಗಳಿಂದ ಬುಟ್ಟಿ ಮಾಡುತ್ತಾ ಎಲಿನರ್ ಮತ್ತು ಲೂಸಿ ಒಂದೇ ಮೇಜಿನಲ್ಲಿ ಕೂತಿರುತ್ತಾರೆ. ತಗ್ಗಿದ ದನಿಯಲ್ಲಿ ಎಡ್ವರ್ಡ್ ವಿಷಯ ಮಾತಾಡುತ್ತಾರೆ. ಕೋಣೆಯಲ್ಲಿ ಬೇರೆಯವರೂ ಇದ್ದಾರೆ, ಆದರೆ ಯಾರಿಗೂ ಕೇಳಿಸುವುದಿಲ್ಲ. ಯಾಕೆಂದರೆ ಮೇರಿಯನ್ ಪಿಯಾನೋವನ್ನು ಜೋರಾಗಿ ನುಡಿಸುತ್ತಿದ್ದಾಳೆ. ನನಗೆ ಇಡೀ ಕಾದಂಬರಿ ಈ ಒಂದು ಕೋಣೆಯಲ್ಲಿ ಸಿಗುತ್ತದೆ. ತಂಗಿ ತನ್ನ ಮನಸ್ಸನ್ನೆಲ್ಲ ಸಂಗೀತಕ್ಕೆ ಸುರಿಯುತ್ತಿದ್ದಾಳೆ. ಅದರ ಸದ್ದಿನ ಮರೆಯಲ್ಲಿ ಅಕ್ಕ ಬಣ್ಣದ ಕಾಗದ ಸುತ್ತುತ್ತಾ ತನ್ನ ದುಃಖ ನುಂಗಿಕೊಳ್ಳುತ್ತಿದ್ದಾಳೆ.

ಲಂಡನ್‌ಗೆ ಹೋದ ಮೇಲೆ ಮೇರಿಯನ್ ವಿಲೋಬಿಗೆ ಕಾಗದದ ಮೇಲೆ ಕಾಗದ ಬರೆಯುತ್ತಾಳೆ. ಉತ್ತರವಿಲ್ಲ. ಏನು ವಿಷಯ, ನನ್ನ ಹತ್ತಿರ ಹೇಳಬಾರದೇ ಅಂತ ಎಲಿನರ್ ಕೇಳಿದಾಗ ಮೇರಿಯನ್ ಒಂದು ಮಾತು ಹೇಳುತ್ತಾಳೆ. ‘ನಮ್ಮಿಬ್ಬರದೂ ಒಂದೇ ಕಥೆ. ಇಬ್ಬರಿಗೂ ಹೇಳಲು ಏನೂ ಇಲ್ಲ. ನೀನು ಏನನ್ನೂ ಹೇಳುವುದಿಲ್ಲ, ನಾನು ಏನನ್ನೂ ಮುಚ್ಚಿಡುವುದಿಲ್ಲ.’ ಮಾತೇನೋ ಚೂಪಾಗಿದೆ. ಆದರೆ ಅದೇ ಹೊತ್ತಿಗೆ ಮೇರಿಯನ್ ಒಂದು ದೊಡ್ಡ ವಿಷಯ ಮುಚ್ಚಿಟ್ಟಿದ್ದಾಳೆ. ತನಗೂ ಅವನಿಗೂ ನಿಶ್ಚಯವೇ ಆಗಿಲ್ಲ ಅನ್ನುವುದು ಮನೆಯವರಿಗೆ ಗೊತ್ತಿಲ್ಲ. ಏನನ್ನೂ ಮುಚ್ಚಿಡುವುದಿಲ್ಲ ಅನ್ನುವವರನ್ನು ಸ್ವಲ್ಪ ಹುಷಾರಾಗಿ ನೋಡಬೇಕು.

ಆಮೇಲೆ ಒಂದು ಪಾರ್ಟಿಯಲ್ಲಿ ವಿಲೋಬಿ ಎದುರಾಗುತ್ತಾನೆ. ಪರಿಚಯವೇ ಇಲ್ಲದವನಂತೆ ತಲೆಬಾಗಿಸುತ್ತಾನೆ. ತುಂಬಿದ ಸಭೆಯಲ್ಲಿ ಮೇರಿಯನ್ ಗಟ್ಟಿಯಾಗಿ ಕೇಳುತ್ತಾಳೆ, ‘ನನ್ನ ಕೈ ಹಿಡಿದು ಮಾತಾಡಿಸುವುದಿಲ್ಲವೇ?’ ಮಾರನೇ ದಿನ ಅವನ ಕಾಗದ ಬರುತ್ತದೆ. ಜೊತೆಯಲ್ಲಿ ಅವಳ ಕೂದಲೂ ವಾಪಸ್. ಅವನಿಗೆ 50,000 ಪೌಂಡ್ ತರುವ ಹುಡುಗಿಯ ಜೊತೆ ಮದುವೆ ಗೊತ್ತಾಗಿದೆ. ಕಾಗದ ಓದುವ ಮುಂಚೆಯೇ ಎಲಿನರ್ ತಂಗಿಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಮೇರಿಯನ್‌ಳಷ್ಟೇ ಜೋರಾಗಿ. ತಂಗಿಗೋಸ್ಕರ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಆ ಅಳುವಿನಲ್ಲಿ ಎಡ್ವರ್ಡ್‌ಗೆ ಸೇರಿದ ಪಾಲು ಎಷ್ಟು ಅಂತ ಆಸ್ಟೆನ್ ಹೇಳುವುದಿಲ್ಲ. ಸ್ವಲ್ಪವಾದರೂ ಇತ್ತು ಅಂತ ನನ್ನ ಅನುಮಾನ.

ಆ ದಿನವೇ ಒಂದು ತಮಾಷೆಯೂ ಇದೆ. ಅವರು ಇಳಿದುಕೊಂಡಿದ್ದ ಮನೆಯ ಮಿಸೆಸ್ ಜೆನಿಂಗ್ಸ್ ಬಾಯಿಬಡುಕಿ, ಆದರೆ ಕರುಳಿರುವ ಹೆಂಗಸು. ಸತ್ತ ಗಂಡನಿಗೆ ನೋವು ಬಂದಾಗ ಈ ವೈನ್ ಕುಡಿದರೆ ಆರಾಮಾಗುತ್ತಿತ್ತು, ನಿಮ್ಮ ತಂಗಿಗೆ ಕೊಡಿ ಅಂತ ಒಂದು ಗ್ಲಾಸ್ ಹಳೆಯ ಕಾನ್‌ಸ್ಟಾನ್ಷಿಯಾ ವೈನ್ ತರುತ್ತಾಳೆ. ಮೇರಿಯನ್ ಅಷ್ಟರಲ್ಲಿ ಮಲಗಿದ್ದಾಳೆ. ಎಲಿನರ್ ತಾನೇ ಕುಡಿದುಬಿಡುತ್ತಾಳೆ. ಮುರಿದ ಮನಸ್ಸಿಗೆ ಅದು ಮದ್ದಾಗುವುದಾದರೆ ತನ್ನ ಮೇಲೂ ಪರೀಕ್ಷೆ ಮಾಡಬಹುದಲ್ಲ ಅಂತ ಒಳಗೇ ನಗುತ್ತಾಳೆ. ಈ ಹುಡುಗಿಯನ್ನು ‘ಬರೀ ಬುದ್ಧಿ, ಹೃದಯವಿಲ್ಲ’ ಅನ್ನುವವರು ಈ ಪುಟ ಓದಿಲ್ಲ.

ನಾಲ್ಕು ತಿಂಗಳು. ನಾಲ್ಕು ತಿಂಗಳು ಎಲಿನರ್ ಲೂಸಿಯ ಗುಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಕೊನೆಗೆ ಗುಟ್ಟು ಬೇರೆ ಕಡೆಯಿಂದ ರಟ್ಟಾದಾಗ ತಂಗಿಗೆ ತಾನೇ ಹೇಳಬೇಕಾಗುತ್ತದೆ. ಮೇರಿಯನ್‌ಗೆ ಮೊದಲು ಆಶ್ಚರ್ಯ, ಆಮೇಲೆ ಅದೇ ಹಳೆಯ ತೀರ್ಮಾನ. ಇಷ್ಟು ಸಲೀಸಾಗಿ ತಡೆದುಕೊಂಡೆ ಅಂದರೆ ನಿನಗೆ ಅಷ್ಟೇನೂ ಆಗಿರಲಿಕ್ಕಿಲ್ಲ. ಆಗ ಎಲಿನರ್ ಮೊದಲ ಬಾರಿಗೆ ಕಟ್ಟೆ ಒಡೆಯುತ್ತಾಳೆ. ಅವಳು ಹೇಳುವುದರ ಸಾರ ಇಷ್ಟು: ನನಗೆ ನೋವೇ ಆಗಿಲ್ಲ ಅಂದುಕೊಂಡಿದ್ದೀಯ. ಅವಳ ಸಂತೋಷದ ಮಾತನ್ನು ಮತ್ತೆ ಮತ್ತೆ ಕೂತು ಕೇಳಿದ್ದೇನೆ. ಅವನ ತಾಯಿಯ ಹಂಗಿನ ಮಾತು, ಅವನ ಅಕ್ಕನ ಕೊಂಕು ತಿಂದಿದ್ದೇನೆ. ಇದೆಲ್ಲ ಆದದ್ದು ಯಾವಾಗ? ನಿನ್ನ ದುಃಖ ನೋಡಿಕೊಳ್ಳುತ್ತಿದ್ದಾಗಲೇ. ಈ ಸಮಾಧಾನ ತಾನಾಗಿ ಬಂದದ್ದಲ್ಲ. ಬಾಯಿ ಕಟ್ಟಿರದಿದ್ದರೆ ನಾನೂ ಎಲ್ಲರ ಎದುರು ಗೋಳಾಡುತ್ತಿದ್ದೆನೋ ಏನೋ.

ಈ ಮಾತಿನಿಂದಲೇ ಗೈಡಿನ ಗೆರೆ ಅಳಿಸಿಹೋಗುತ್ತದೆ. ಅಕ್ಕನಿಗೆ ಭಾವನೆ ಕಡಿಮೆ ಇತ್ತು ಅಂತಲ್ಲ. ಅವಳಿಗೆ ಅಳುವ ಸರದಿ ಬರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಒಟ್ಟಿಗೆ ಕುಸಿಯುವ ಹಾಗಿಲ್ಲ, ಮೊದಲು ಕುಸಿದವರು ಗೆದ್ದರು.

ಇದಕ್ಕೂ ಸ್ವಲ್ಪ ಮುಂಚೆ ಏನಾಗುತ್ತದೆ ಹೇಳಿ. ಅಕ್ಕನ ಕಥೆ ಕೇಳಿ ಮೇರಿಯನ್ ಅಳುತ್ತಾಳೆ. ಎಲಿನರ್ ಅವಳನ್ನು ಸಮಾಧಾನ ಮಾಡುತ್ತಾಳೆ! ತನ್ನ ದುಃಖಕ್ಕೂ ಬೇರೆಯವರನ್ನು ತಾನೇ ಸಮಾಧಾನ ಮಾಡಬೇಕಾದ ಪಾಡು ಅಂತ ಆಸ್ಟೆನ್ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ಇಲ್ಲಿ ಕೂತಿರುವ ಹಿರಿಮಕ್ಕಳು ಕೆಲವರು ನಗುತ್ತಿದ್ದೀರಿ, ನನಗೆ ಕಾಣುತ್ತಿದೆ.

ಗಂಡಸರ ವಿಷಯಕ್ಕೆ ಬರುತ್ತೇನೆ. ಮೂವರಲ್ಲಿ ಎಡ್ವರ್ಡ್ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಒಳ್ಳೆಯವನು, ಕೊಟ್ಟ ಮಾತಿಗೆ ತಪ್ಪದವನು, ಆದರೆ ನಿಶ್ಚಯವಾದವನು ನಾರ್ಲಂಡಿನಲ್ಲಿ ಎಲಿನರ್ ಪಕ್ಕ ಅಷ್ಟು ಹೊತ್ತು ಕೂರಬಾರದಾಗಿತ್ತು. ಲೇಖಕಿ ಅವನನ್ನು ಬೇಗ ಕ್ಷಮಿಸುತ್ತಾಳೆ. ನಾನು ಅಷ್ಟು ಬೇಗ ಕ್ಷಮಿಸುವುದಿಲ್ಲ.

ಕರ್ನಲ್ ಬ್ರ್ಯಾಂಡನ್ ಬೇರೆ. 35 ವರ್ಷದ ಮೌನಿ, ಮೇರಿಯನ್ ಮೇಲೆ ಮನಸ್ಸಿಟ್ಟವನು. ಅವಳ ಕಣ್ಣಿಗೆ ಅವನು ಮುದುಕ. ಫ್ಲಾನಲ್ ವೇಸ್ಟ್‌ಕೋಟ್ ಹಾಕುತ್ತಾನೆ, ಅಂದಮೇಲೆ ಕೀಲುನೋವು, ಸೆಳೆತ ಎಲ್ಲ ಶುರುವಾಗಿದೆ ಅಂತಲೇ ಲೆಕ್ಕ. ಅವನು ಸೈನ್ಯದ ಜೊತೆ ನಮ್ಮ ಕಡೆಗೆ, ಅಂದರೆ ಆಗ ಅವರು ಈಸ್ಟ್ ಇಂಡೀಸ್ ಅನ್ನುತ್ತಿದ್ದ ಕಡೆಗೆ ಬಂದು ಹೋದವನು. ಅವನು ಲೋಕ ಕಂಡವನು ಅಂತ ಎಲಿನರ್ ಹೊಗಳಿದರೆ ಮೇರಿಯನ್ ಮೂಗು ಮುರಿಯುತ್ತಾಳೆ: ಏನು ಹೇಳಿದ, ಅಲ್ಲಿ ಸೆಕೆ, ಸೊಳ್ಳೆ ಕಾಟ ಅಂತಲಾ? ವಿಲೋಬಿ ಅದಕ್ಕೆ ಒಗ್ಗರಣೆ ಹಾಕುತ್ತಾನೆ: ನಬಾಬರು, ಚಿನ್ನದ ಮೊಹರು, ಪಲ್ಲಕ್ಕಿ ಇವೆ ಅಂತಲೂ ಹೇಳಿರಬೇಕು. ಅವನಿಗೆ ಬ್ರ್ಯಾಂಡನ್ ಮೇಲೆ ಯಾಕೆ ಸಿಟ್ಟು ಅಂದರೆ, ಬಿಸಿಲು ಬೇಕಾದ ದಿನ ಅವನು ಮಳೆ ಬರುತ್ತದೆ ಅಂದನಂತೆ, ತನ್ನ ಗಾಡಿಯಲ್ಲಿ ಹುಳುಕು ತೆಗೆದನಂತೆ, ತನ್ನ ಕಂದು ಕುದುರೆ ಕೊಳ್ಳಲು ಒಪ್ಪಲಿಲ್ಲವಂತೆ.

ತಮಾಷೆ ಏನೆಂದರೆ, ಈ ಮೌನಿಯೂ ಒಂದು ಕಾಲದ ಮೇರಿಯನ್. ಮನೆಯಲ್ಲೇ ಜೊತೆಗೆ ಬೆಳೆದ ಎಲೈಜಾಳನ್ನು ಪ್ರೀತಿಸಿದ್ದ. ಓಡಿಹೋಗಲು ಹೊರಟಿದ್ದ, ಸಿಕ್ಕಿಬಿದ್ದ. ಅವಳ ಆಸ್ತಿಗಾಗಿ ಅಪ್ಪ ಅವಳನ್ನು ಅಣ್ಣನಿಗೇ ಕಟ್ಟಿದ. ಆ ಮದುವೆ ಮುರಿದು, ಅವಳು ದಾರಿ ತಪ್ಪಿ, ಸಾಲಗಾರರನ್ನು ಕೂಡಿಹಾಕುವ ಮನೆಯಲ್ಲಿ ಕ್ಷಯದಿಂದ ಸಾಯುತ್ತಿರುವಾಗ ಇವನು ಹುಡುಕಿ ಕಂಡ. ಅವಳ ಮಗಳನ್ನು ಸಾಕಿದ. ಆ ಮಗಳನ್ನೇ ಬಸಿರು ಮಾಡಿ ಬಿಟ್ಟುಹೋದವನು ವಿಲೋಬಿ. ಮನುಷ್ಯನಿಗೆ ಒಂದೇ ಪ್ರೀತಿ, ಎರಡನೆಯದು ಇರಲಾರದು ಅನ್ನುವುದು ಮೇರಿಯನ್‌ಳ ಸಿದ್ಧಾಂತ. ಬ್ರ್ಯಾಂಡನ್ ಎರಡನೇ ಸಲ ಪ್ರೀತಿಸಿದವನು.

ವಿಲೋಬಿಯನ್ನು ಬರೀ ಖಳನಾಯಕ ಮಾಡಿ ಮುಗಿಸಿದ್ದರೆ ಎಷ್ಟು ಸುಲಭವಿತ್ತು! ಆಸ್ಟೆನ್ ಹಾಗೆ ಮಾಡುವುದಿಲ್ಲ. ಕ್ಲೀವ್‌ಲ್ಯಾಂಡ್ ಎಂಬ ಊರಮನೆಯಲ್ಲಿ ಮೇರಿಯನ್ ಜ್ವರ ಬಂದು ಸಾಯುವ ಹಾಗಾಗುತ್ತಾಳೆ. ಜ್ವರ ಇಳಿದ ರಾತ್ರಿ ಹೊರಗೆ ಬಿರುಗಾಳಿ. ಬ್ರ್ಯಾಂಡನ್ ತಾಯಿಯನ್ನು ಕರೆತರಲು ಹೋಗಿದ್ದಾನೆ. ಗಾಡಿ ಬಂದ ಸದ್ದಾಗುತ್ತದೆ, ಎಲಿನರ್ ತಾಯಿ ಬಂದಳು ಅಂತ ಕೆಳಗೆ ಓಡಿ ಬರುತ್ತಾಳೆ. ನಿಂತಿರುವವನು ವಿಲೋಬಿ. ಬೆಳಗ್ಗೆ 8ಕ್ಕೆ ಲಂಡನ್ ಬಿಟ್ಟು, ದಾರಿಯಲ್ಲಿ ಹತ್ತು ನಿಮಿಷ ನಿಂತು ಒಂದು ತುತ್ತು ತಿಂದು, ಒಂದೇ ಓಟಕ್ಕೆ ಬಂದಿದ್ದಾನೆ. ಆ ಕ್ರೂರ ಕಾಗದ ತನ್ನ ಹೆಂಡತಿ ಆಗುವವಳು ಹೇಳಿ ಬರೆಸಿದ್ದು ಅನ್ನುತ್ತಾನೆ. ಮೇರಿಯನ್‌ಳನ್ನು ಮೊದಲು ಸುಮ್ನೆ ಆಟಕ್ಕೆ ಮಾತಾಡಿಸಿದ್ದು, ಆಮೇಲೆ ನಿಜವಾಗಿ ಸೋತದ್ದು ಅನ್ನುತ್ತಾನೆ. ಬಡತನಕ್ಕೆ ಹೆದರಿದೆ ಅನ್ನುತ್ತಾನೆ.

ಕೇಳುತ್ತಾ ಕೇಳುತ್ತಾ ಎಲಿನರ್ ಕರಗುತ್ತಾಳೆ! ಅವನು ಹೋದ ಮೇಲೆ ರಾತ್ರಿಯೆಲ್ಲ ಅವನದೇ ಯೋಚನೆ. ಅವನ ಹೆಂಡತಿ ಸತ್ತುಹೋಗಿದ್ದರೆ ಅಂತ ಒಂದು ಕ್ಷಣ ಅನ್ನಿಸಿಯೂಬಿಡುತ್ತದೆ. ಮರುಕ್ಷಣ ಬ್ರ್ಯಾಂಡನ್ ನೆನಪಾಗಿ ನಾಚಿಕೊಳ್ಳುತ್ತಾಳೆ. ಯಾರಿಗೆ ಹೀಗಾದದ್ದು? ವಿವೇಕದ ಕಾಲಮ್ಮಿನಲ್ಲಿ ಕೂರಿಸಿದ್ದವಳಿಗೆ. ಚೆಂದದ ಮಾತಿನ ಬಲ ಎಂಥದ್ದು ಅಂತ ತೋರಿಸಲು ಮೇರಿಯನ್ ಸಾಕಾಗಲಿಲ್ಲ. ಎಲಿನರ್ ಅಲ್ಲಾಡಬೇಕಿತ್ತು. 1995ರ ಇಂಗ್ಲಿಷ್ ಸಿನಿಮಾದಲ್ಲಿ ಈ ದೃಶ್ಯವೇ ಇಲ್ಲ. ಎಮ್ಮಾ ಥಾಂಪ್ಸನ್ ಎಲಿನರ್ ಆಗಿ ಬಹಳ ಚೆನ್ನಾಗಿ ಮಾಡಿದ್ದಾರೆ, ಆದರೂ ಈ ರಾತ್ರಿ ಇಲ್ಲದ್ದು ನನಗೆ ಕೊರತೆಯೇ. 2000ದಲ್ಲಿ ತಮಿಳಿನಲ್ಲಿ ಇದೇ ಕಥೆ ಬಂದಾಗ ಬ್ರ್ಯಾಂಡನ್ ಜಾಗದಲ್ಲಿ ಮಮ್ಮೂಟ್ಟಿ ಇದ್ದರು. ಅದನ್ನು ನೋಡಿದ ಮೇಲೆ ಫ್ಲಾನಲ್ ವೇಸ್ಟ್‌ಕೋಟ್ ನೆನೆದು ನಗಲು ನನಗಾಗುವುದಿಲ್ಲ.

ಪ್ರೀತಿ, ದುಡ್ಡು ಎರಡನ್ನೂ ಆಸ್ಟೆನ್ ಒಂದೇ ತಕ್ಕಡಿಗೆ ಹಾಕುವ ಒಂದು ಜಾಗವಿದೆ. ಸಂತೋಷಕ್ಕೂ ಸಂಪತ್ತಿಗೂ ಏನು ಸಂಬಂಧ ಅಂತ ಮೇರಿಯನ್ ಕೇಳುತ್ತಾಳೆ. ಸಂಪತ್ತಿಗೆ ಬಹಳ ಸಂಬಂಧ ಇದೆ ಅನ್ನುತ್ತಾಳೆ ಎಲಿನರ್. ಛೀ ಎಲಿನರ್, ಜೀವನಕ್ಕೆ ಸಾಕಾಗುವಷ್ಟಿದ್ದರೆ ಸಾಕಲ್ಲವೇ? ಸಾಕು ಅಂದರೆ ಎಷ್ಟು? ವರ್ಷಕ್ಕೆ 1800, ಅಬ್ಬಬ್ಬಾ ಅಂದರೆ 2000 ಪೌಂಡ್! ಎಲಿನರ್ ನಗುತ್ತಾಳೆ. ಅವಳ ಲೆಕ್ಕದಲ್ಲಿ ಸಾವಿರವೇ ಸಂಪತ್ತು. ತಂಗಿಯ ‘ಬದುಕಲು ಸಾಕು’ ಅಕ್ಕನ ಶ್ರೀಮಂತಿಕೆಯ ಎರಡರಷ್ಟು. ಮೇರಿಯನ್ ಸುಳ್ಳು ಹೇಳುತ್ತಿಲ್ಲ, ಮನಸ್ಸಿನಲ್ಲಿ ಗಾಡಿ, ಆಳು, ಬೇಟೆ ಕುದುರೆ ಎಲ್ಲ ಲೆಕ್ಕ ಹಾಕಿ ಸಾಕು ಅನ್ನುತ್ತಿದ್ದಾಳೆ. ಇನ್ನು ಬ್ರ್ಯಾಂಡನ್‌ನ ಡೆಲಫರ್ಡ್ ಎಸ್ಟೇಟಿನ ಆದಾಯ ಎಷ್ಟು ಗೊತ್ತಾ? ವರ್ಷಕ್ಕೆ 2000. ಆಸ್ಟೆನ್ ಈ ಸಂಖ್ಯೆಯನ್ನು ಒತ್ತಿ ಹೇಳುವುದಿಲ್ಲ. ಸುಮ್ನೆ ಇಟ್ಟು ಹೋಗಿದ್ದಾಳೆ.

ಎಲಿನರ್ ಕಥೆಯೂ ದುಡ್ಡಿನ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಲೂಸಿಯನ್ನು ಕೈಬಿಡಲಾರೆ ಅಂದದ್ದಕ್ಕೆ ಎಡ್ವರ್ಡ್‌ನ ತಾಯಿ ಅವನ ಆಸ್ತಿಯನ್ನು ತಮ್ಮ ರಾಬರ್ಟ್‌ಗೆ ಬರೆದುಬಿಡುತ್ತಾಳೆ. ಆಸ್ತಿ ಹೋದ ಕಡೆ ಲೂಸಿಯೂ ಹೋಗುತ್ತಾಳೆ, ರಾಬರ್ಟ್‌ನನ್ನು ಮದುವೆಯಾಗುತ್ತಾಳೆ. ಆಳು ಬಂದು ‘ಫೆರಾರ್ಸ್ ಅವರ ಮದುವೆ ಆಯಿತು’ ಅಂದಾಗ ಬಾರ್ಟನ್‌ನಲ್ಲಿ ಎಲ್ಲರೂ ಎಡ್ವರ್ಡ್‌ದೇ ಅಂದುಕೊಳ್ಳುತ್ತಾರೆ. ಕೆಲವು ದಿನದಲ್ಲಿ ಎಡ್ವರ್ಡ್ ಮನೆ ಬಾಗಿಲಿಗೆ ಬರುತ್ತಾನೆ. ಹವಾಮಾನದ ಮಾತು. ಮೌನ. ಅವನು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಕತ್ತರಿಯ ಒರೆಯನ್ನೇ ಕತ್ತರಿಸಿ ಚೂರು ಚೂರು ಮಾಡುತ್ತಾ, ಲೂಸಿಯ ಗಂಡ ನಾನಲ್ಲ, ತಮ್ಮ ಅನ್ನುತ್ತಾನೆ. ಎಲಿನರ್‌ಗೆ ಕೂರಲಾಗುವುದಿಲ್ಲ. ಹೆಚ್ಚುಕಮ್ಮಿ ಓಡಿಕೊಂಡೇ ಹೊರಗೆ ಹೋಗುತ್ತಾಳೆ. ಬಾಗಿಲು ಮುಚ್ಚಿದ ಮೇಲೆ, ನೆನಪಿಡಿ, ಮುಚ್ಚಿದ ಮೇಲೆ, ಅಳುತ್ತಾಳೆ. ಈ ಅಳು ನಿಲ್ಲುವುದೇ ಇಲ್ಲವೇನೋ ಅಂತ ಅವಳಿಗೇ ಅನ್ನಿಸುತ್ತದೆ.

ಇಷ್ಟೆಲ್ಲ ಆದರೂ ಇಬ್ಬರೂ ತಕ್ಷಣ ಮದುವೆಯಾಗುವುದಿಲ್ಲ. ಇಬ್ಬರದೂ ಸೇರಿ ವರ್ಷಕ್ಕೆ 350 ಪೌಂಡ್ ಆಗುತ್ತದೆ. ಅಷ್ಟರಲ್ಲಿ ಸುಖವಾಗಿ ಬದುಕಬಹುದು ಅನ್ನಿಸುವಷ್ಟು ಪ್ರೀತಿ ಅವರಿಬ್ಬರಿಗೂ ಇರಲಿಲ್ಲ ಅನ್ನುತ್ತಾಳೆ ಆಸ್ಟೆನ್. ಅವನ ತಾಯಿ ಮುನಿಸು ಬಿಟ್ಟು 10,000 ಪೌಂಡ್ ಕೊಟ್ಟ ಮೇಲೆಯೇ ಮದುವೆ. ಮೊದಲ ಸಲ ಓದಿದಾಗ ಆ ಸಾಲಿಗೆ ನನಗೆ ಬೇಜಾರಾಗಿತ್ತು. ಈಗ ಇಡೀ ಪುಸ್ತಕದಲ್ಲಿ ಇದೇ ಬಹಳ ಪ್ರೀತಿಯ ಸಾಲು ಅನ್ನಿಸುತ್ತದೆ. ಮನೆ ನಡೆಸಿದವಳ ಸಾಲು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: ಮೇರಿಯನ್ ಬ್ರ್ಯಾಂಡನ್‌ನನ್ನು ಮದುವೆಯಾಗಿದ್ದು ಸೋಲಲ್ಲವೇ? ಆಸ್ಟೆನ್ ಅವಳಿಗೆ ಶಿಕ್ಷೆ ಕೊಟ್ಟಂತಾಗಲಿಲ್ಲವೇ? ಈ ಪ್ರಶ್ನೆ ಹೊಸದಲ್ಲ, ಇನ್ನೂರು ವರ್ಷದಿಂದ ಓದುಗರನ್ನು ಕಾಡುತ್ತಿದೆ. 19ಕ್ಕೆ ಮದುವೆ, ಅದೂ ಗೌರವ, ಸ್ನೇಹದಿಂದ, ಮನೆಯವರೆಲ್ಲರ ಆಸೆಗೆ ತಲೆಬಾಗಿ. ಅವಳ ಹೃದಯ ‘ಕ್ರಮೇಣ’ ಪೂರ್ತಿಯಾಗಿ ಗಂಡನದಾಯಿತು ಅನ್ನುತ್ತಾಳೆ ಲೇಖಕಿ. ಆ ‘ಕ್ರಮೇಣ’ದೊಳಗೆ ಎಷ್ಟು ವರ್ಷವಿದೆಯೋ! ಅಲ್ಲಿ ಆಸ್ಟೆನ್ ಸ್ವಲ್ಪ ಅವಸರ ಮಾಡಿದಳು ಅನ್ನುವುದು ನನ್ನ ಅಭಿಪ್ರಾಯ. ಬ್ರ್ಯಾಂಡನ್ ಮತ್ತು ಮೇರಿಯನ್ ಇಬ್ಬರೇ ಕೂತು ಮಾತಾಡುವ ಒಂದು ದೃಶ್ಯ ಕೊಟ್ಟಿದ್ದರೆ ನಾವೂ ನಂಬುತ್ತಿದ್ದೆವು. ವಿಲೋಬಿಗೂ ಎದೆಯೊಡೆದು ಸಾಯುವ ಭಾಗ್ಯ ಕೊಡುವುದಿಲ್ಲ ಅವಳು. ಅವನಿಗೆ ಒಳ್ಳೆಯ ಕುದುರೆ, ನಾಯಿಗಳಿದ್ದವು, ಹೆಂಡತಿ ಯಾವಾಗಲೂ ಸಿಡುಕುತ್ತಿರಲಿಲ್ಲ, ಬದುಕು ನಡೆಯಿತು ಅನ್ನುತ್ತಾಳೆ.

ಆದರೆ ಆ ಪ್ರಶ್ನೆ ಕೇಳಿದವರಿಗೆ ನಾನು ಪುಸ್ತಕದ ಕೊನೆಯ ವಾಕ್ಯ ನೋಡಲು ಹೇಳಿದೆ. ಎಡ್ವರ್ಡ್‌ಗೆ ಡೆಲಫರ್ಡ್‌ನ ಪಾದ್ರಿ ಕೆಲಸ ಕೊಟ್ಟವನು ಬ್ರ್ಯಾಂಡನ್. ಹಾಗಾಗಿ ಅಕ್ಕನ ಮನೆ, ತಂಗಿಯ ಮನೆ ಒಂದೇ ಊರಿನಲ್ಲಿ, ಹತ್ತಿರ ಹತ್ತಿರ. ಕಾದಂಬರಿಯ ಕೊನೆಯ ವಾಕ್ಯದಲ್ಲಿ ಗಂಡಂದಿರು ಬರುವುದು ಬಾಲಕ್ಕೆ ಮಾತ್ರ. ಎಲಿನರ್ ಮತ್ತು ಮೇರಿಯನ್ ಅಕ್ಕತಂಗಿಯರಾಗಿಯೂ, ಒಬ್ಬರ ಮನೆ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರವಿದ್ದೂ, ಜಗಳವಿಲ್ಲದೆ ಬಾಳಿದರು, ಗಂಡಂದಿರ ನಡುವೆಯೂ ಮುನಿಸು ತರಲಿಲ್ಲ ಅಂತ ಅದು ಮುಗಿಯುತ್ತದೆ. ಅಲ್ಲಿ ಮೊದಲು ಬರುವುದು ಆ ಎರಡು ಹೆಸರು. 20ರ ಹರೆಯದಲ್ಲಿ ಅವಳು ಈ ಕಥೆಗೆ ಇಟ್ಟ ಹೆಸರೂ ಅದೇ.